ಅಪ್ಪ ಬಿಚ್ಚಿ ತೊಳೆದ ಗಿಟಾರು

ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ನಮ್ಮಪ್ಪ ಮಗ್ಗ ನಡೆಸುತ್ತಿದ್ದ. ಒಂದೇ ಸೂರಿನ ಕೆಳಗೆ ನೂರಾರು ಮಗ್ಗಗಳು, ಬೆಳಗಿನಿಂದ ಸಂಜೆಯವರೆಗೆ ಲಾಳಿಗಳ ಬಡಿತ. ಒಳಗೆ ಹೋದವನಿಗೆ ತನ್ನ ಕೆಮ್ಮು ತನಗೇ ಕೇಳುತ್ತಿರಲಿಲ್ಲ. ಐವತ್ತು ತುಂಬುವ ಹೊತ್ತಿಗೆ ಅಪ್ಪನ ಎರಡೂ ಕಿವಿ ಹೋಗಿದ್ದವು. ಯಾರಿಗೂ ಅದು ದೊಡ್ಡ ಸುದ್ದಿ ಅನ್ನಿಸಲಿಲ್ಲ. ನಿಟ್ಟುವಳ್ಳಿ ಆಗಿನ್ನೂ ಊರಾಚೆಯ ಹಳ್ಳಿ. ಅಲ್ಲಿನ ನಮ್ಮ ಓಣಿಯಲ್ಲಿ ಮಿಲ್ಲಿಗೆ ಹೋಗುವ ಮನೆಗಳಲ್ಲೆಲ್ಲ ಇಂಥವನೊಬ್ಬ ಇದ್ದೇ ಇರುತ್ತಿದ್ದ. ಕೂಗಿದರೆ ತಿರುಗುವುದಿಲ್ಲ, ಹೋಗಿ ಭುಜ ಮುಟ್ಟಬೇಕು, ಅಷ್ಟೆ.

ಮಾತುಕತೆಗೆ ಅಂಥ ತೊಂದರೆಯೇನೂ ಇರಲಿಲ್ಲ. ಮಗ್ಗದವರು ತುಟಿ ಓದುತ್ತಾರೆ. ಆ ಗದ್ದಲದಲ್ಲಿ ಬಾಯಿ ಆಡಿಸಿಯೇ ಸಂಸಾರದ ಕಥೆಯೆಲ್ಲ ಹೇಳಿಕೊಳ್ಳುತ್ತಿದ್ದ ಜನ. ಅಪ್ಪ ಎದುರಿಗಿದ್ದರೆ ಪಿಸುಗುಟ್ಟಿದರೂ ಅವನಿಗೆ ತಿಳಿಯುತ್ತಿತ್ತು. ಇದನ್ನು ನಾನು ಆಗಾಗ ಮರೆಯುತ್ತಿದ್ದೆ.

ಕಿವಿಗೆ ಒಂದಿಷ್ಟು ಹತ್ತಿ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲವೇ ಎಂದು ಈಗಿನವರು ಕೇಳುತ್ತಾರೆ. ಹತ್ತಿಗೇನು ಬರವಿತ್ತೇ! ನೆಲದ ಮೇಲೆ ಹತ್ತಿ, ಗಾಳಿಯಲ್ಲಿ ಹತ್ತಿ, ನಮ್ಮ ಹುಬ್ಬಿನ ಮೇಲೂ ಹತ್ತಿ. ಆದರೆ ಮೂಗಿಗೆ, ಕಿವಿಗೆ ಹತ್ತಿ ಇಡುವುದು ಹೆಣಕ್ಕೆ. ಬದುಕಿರುವವನು ಇಟ್ಟುಕೊಂಡರೆ ಸಾವನ್ನು ಕರೆದಂತೆ ಎಂದು ನಮ್ಮವರು ನಂಬಿದ್ದರು. ಹೊಸದಾಗಿ ಸೇರಿದ ಒಬ್ಬ ಹಾಗೆ ಇಟ್ಟುಕೊಂಡು ಬಂದಿದ್ದ. 'ಯಾವಾಗ ಎತ್ತೋದ್ರಿ ನಿಮ್ಮನ್ನ?' ಎಂದು ಶೆಡ್ಡಿಗೆ ಶೆಡ್ಡೇ ನಕ್ಕಿತು. ಮಧ್ಯಾಹ್ನದೊಳಗೆ ಪಾಪ, ಕಿತ್ತು ಬಿಸಾಕಿದ. ನಕ್ಕವರಲ್ಲಿ ನಾನೂ ಒಬ್ಬ.

ಮೂರು ವರ್ಷ ಬದಲಿ ಕೆಲಸಗಾರನಾಗಿ ಯಾರ್ಯಾರದೋ ಮಗ್ಗ ನಡೆಸಿದ ಮೇಲೆ, ಅಪ್ಪ ಕೆಲಸ ಬಿಟ್ಟ ಬೇಸಿಗೆಯಲ್ಲಿ ಅವನ ಮಗ್ಗ ನನಗೆ ಬಂತು. ಅಪ್ಪನೇ, ಮಗ್ಗಕ್ಕೆ ಆಳು ಹಚ್ಚುವ ಜಾಬರನ ಮುಂದೆ ಕೈಮುಗಿದು ನಿಂತು ಕೊಡಿಸಿದ್ದು. ಅರವತ್ತರ ದಶಕದ ನಡುವಿನ ಮಾತು. ಕಾಯಂ ಕೆಲಸ ಅಂದರೆ ಮನೆಯಲ್ಲಿ ಹಬ್ಬ. ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ನನ್ನ ಜೀವ ಇದ್ದದ್ದು ಗಿಟಾರಿನಲ್ಲಿ.

ಪೇಟೆಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಸಾಹೇಬರೊಬ್ಬರಿದ್ದರು. ಮದುವೆಗಳಿಗೆ ಹಾಡುವ ಸಣ್ಣದೊಂದು ಆರ್ಕೆಸ್ಟ್ರಾ ಕಟ್ಟಿಕೊಂಡು ತಾವೇ ಹಾರ್ಮೋನಿಯಂ ನುಡಿಸುತ್ತಿದ್ದರು. ಬಿಡುವಿದ್ದಾಗಲೆಲ್ಲ ನಾನು ಅವರ ಅಂಗಡಿಯಲ್ಲೇ ಇರುತ್ತಿದ್ದೆ. ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸ ಮುಗಿಸಿ ಊರು ಬಿಟ್ಟು ಹೊರಟಿದ್ದವರೊಬ್ಬರಿಂದ ಹಳೆಯ ಎಲೆಕ್ಟ್ರಿಕ್ ಗಿಟಾರೊಂದನ್ನು ತಂದರು. ಹೊಟ್ಟೆ ಟೊಳ್ಳು, ಎರಡು ಕಡೆ ಸೊಂಟದ ಹಾಗೆ ಬಳುಕಿದ ಸೀಳು, ತಂತಿಗಳ ಕೆಳಗೆ ಅವುಗಳ ಸದ್ದು ಹಿಡಿಯುವ ಒಂದು ಪಿಕಪ್ಪು. ಅದರ ವಯರನ್ನು ಮೈಕ್ ಸೆಟ್ಟಿಗೆ ಚುಚ್ಚಿದರೆ ಇಡೀ ಬೀದಿಗೆ ಕೇಳುತ್ತಿತ್ತು. ಮಾರಿದವರು ನಾಲ್ಕು ದಿನ ಸಾಹೇಬರ ಅಂಗಡಿಯಲ್ಲಿ ಉಳಿದು ನನಗೆ ಬೆರಳಿಡುವುದನ್ನು ಹೇಳಿಕೊಟ್ಟರು. ಮಿಕ್ಕದ್ದನ್ನು ನಾನೇ ತಡಕಾಡಿ ಕಲಿತೆ. ಗಿಟಾರು ಸಾಹೇಬರದೇ, ಆದರೆ ಇರುತ್ತಿದ್ದದ್ದು ನಮ್ಮ ಮನೆಯ ಗೋಡೆಯ ಗೂಟದಲ್ಲಿ. ಪಾಳಿ ಮುಗಿಸಿ ಬಂದು ಅದನ್ನು ತೊಡೆಯ ಮೇಲಿಟ್ಟುಕೊಂಡರೆ ಕಿವಿಯೊಳಗಿನ ಗುಂಯ್ ಅನ್ನುವ ಸದ್ದು ನಿಧಾನವಾಗಿ ಇಳಿಯುತ್ತಿತ್ತು.

ಆ ವರ್ಷದ ಆಯುಧಪೂಜೆಯ ಬೆಳಿಗ್ಗೆ ನಾನು ಮಿಲ್ಲಿನಲ್ಲಿದ್ದೆ. ಮಗ್ಗ ತೊಳೆದು, ಎಣ್ಣೆ ಬಿಟ್ಟು, ಬಾಳೆಕಂದು ಕಟ್ಟುವ ಕೆಲಸ. ಅಪ್ಪನ ಬದುಕಿನಲ್ಲಿ ಪೂಜೆ ಮಾಡಲು ಮಗ್ಗವಿಲ್ಲದ ಮೊದಲನೇ ಆಯುಧಪೂಜೆ ಅದು. ಸಂಜೆ ಮನೆಗೆ ಬಂದರೆ ಜಗುಲಿಯ ಮೇಲೆ ಕೆಂಪು ವಸ್ತ್ರ ಹಾಸಿ ಗಿಟಾರನ್ನು ಮಲಗಿಸಿದ್ದ. ಹೊಳೆಯುತ್ತಿತ್ತು ಅಂದರೆ ಹೊಳೆಯುತ್ತಿತ್ತು! ಹೊಟ್ಟೆಗೆ ಕೊಬ್ಬರಿ ಎಣ್ಣೆ ತಿಕ್ಕಿ, ಹಿತ್ತಾಳೆಯ ಚೂರುಗಳನ್ನೆಲ್ಲ ಹುಣಸೆಹಣ್ಣಿನಲ್ಲಿ ಉಜ್ಜಿ, ತಂತಿ ಬಿಚ್ಚಿ ಒರೆಸಿ ಮತ್ತೆ ಕಟ್ಟಿದ್ದ. ಹೊಟ್ಟೆಯ ನಡುವೆ ಮೂರು ಬೆರಳಿನ ದಪ್ಪ ವಿಭೂತಿ, ಅದರ ಮೇಲೊಂದು ಕುಂಕುಮದ ಬೊಟ್ಟು, ತಲೆಗೆ ಚೆಂಡುಹೂವು.

'ಪೂಜಿಗೆ ಇಡೋ ಸಾಮಾನು ಬಿಚ್ಚಿ ತೊಳೀಬೇಕು. ಮೇಲೆ ಮೇಲೆ ಒರೆಸಿದ್ರ ಆಕ್ಕತೇನು?' ಎಂದು ಅಪ್ಪ ಜೋರಾಗಿ ಹೇಳಿದ. ಕಿವಿ ಹೋದ ಮೇಲೆ ಅವನ ಮಾತೆಲ್ಲ ಓಣಿಯ ತುದಿಯವರೆಗೂ ಕೇಳುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ತಂತಿಗಳನ್ನು ಬಿಗಿದು ಸ್ವರಕ್ಕೆ ಕೂಡಿಸಿ ಮತ್ತೆ ಗೂಟಕ್ಕೆ ಹಾಕಿದೆ. ಆಮೇಲೆ ದೀಪಾವಳಿವರೆಗೆ ಎರಡು ಪಾಳಿ ದುಡಿದದ್ದರಿಂದ ಅದನ್ನು ಮುಟ್ಟಲು ಆಗಲೇ ಇಲ್ಲ. ಪೂಜೆಯ ಗುರುತು ತಾನಾಗಿ ಉದುರುವವರೆಗೆ ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ಹಾಗಾಗಿ ವಿಭೂತಿ ಇದ್ದ ಹಾಗೇ ಇತ್ತು.

ದೀಪಾವಳಿ ಕಳೆದು ಮೊದಲನೆಯ ಲಗ್ನ ಹರಿಹರದಲ್ಲಿ. ಹೊಳೆಗೆ ಹತ್ತಿರದ ಒಂದು ಛತ್ರ. ಸಾಹೇಬರು ಹಾರ್ಮೋನಿಯಂ ಒತ್ತಿದರು, ನಾನು ಅದಕ್ಕೆ ಆರೂ ತಂತಿ ಕೂಡಿಸಿದೆ. ಹಾಡು ಶುರುವಾದಾಗ ಎಲ್ಲ ಸರಿಯಿತ್ತು. ಗಿಟಾರಿನ ಕತ್ತಿಗೆ ಅಡ್ಡಡ್ಡ ಕೂರಿಸಿದ ಲೋಹದ ಮೆಟ್ಟುಗಳಲ್ಲಿ ಕೈ ಮೇಲಿನವಕ್ಕೆ ಹೋಗುತ್ತಿದ್ದ ಹಾಗೆ ಸಾಹೇಬರ ಮುಖ ಹುಳಿ ಕಚ್ಚಿದಂತಾಯಿತು. ಹಾಡುವವನು ತಡವರಿಸಿದ. ನಾನು ಬೆವೆತೆ, ತಂತಿ ತಿರುವಿದೆ, ಇನ್ನಷ್ಟು ಕೆಟ್ಟಿತು. ಎರಡನೆಯ ಹಾಡಿನಲ್ಲಿ ಸಾಹೇಬರು ಕೈ ಚಾಚಿ ನನ್ನ ವಯರನ್ನೇ ಕಿತ್ತುಬಿಟ್ಟರು. ಮೂರು ತಾಸು ನಾನು ಸದ್ದಿಲ್ಲದ ಗಿಟಾರಿನ ಮೇಲೆ ಕೈಯಾಡಿಸುತ್ತ, ಹಲ್ಲು ಕಿರಿಯುತ್ತ ಕೂತಿದ್ದೆ. ಬೀಗರೊಬ್ಬರು 'ಚಲೋ ಬಾರಿಸ್ತೀಯಪ್ಪ' ಎಂದು ಬೆನ್ನು ತಟ್ಟಿ ಹೋದರು.

ಹರಿಹರ ಸ್ಟೇಷನ್ನಿನ ಬೆಂಚಿನ ಮೇಲೆ ಸಾಹೇಬರು ನನ್ನನ್ನು ಪಕ್ಕಕ್ಕೆ ಕೂಡಿಸಿಕೊಂಡರು.

'ನೋಡು ತಮ್ಮ, ಬೇಜಾರ್ ಮಾಡ್ಕೋಬ್ಯಾಡ. ಗಿಟಾರಿನ ಮೆಟ್ಟೆಲ್ಲ ಮೊಳೆ ಹೊಡೆದಂಗೆ ಕೂತಾವೆ. ಅವು ನಡ್ಕೊಂಡು ಹೋಗಲ್ಲ. ಹಾರ್ಮೋನಿಯಂ ಪೆಟ್ಟಿಗೇಲಿ ಸುರ್ ಎಲ್ಲಿಟ್ಟಿರ್ತಾರೋ ಅಲ್ಲೇ ಇರ್ತೈತೆ. ತಪ್ಪಾಯ್ತು ಅಂದ್ರೆ ಕೂಡಿಸೋನ ಕಿವೀದು.'

'ನಾನು ಹಾರ್ಮೋನಿಯಂ ಕೇಳಿಕೊಂಡೇ ಕೂಡಿಸಿದೆನಲ್ರಿ.'

'ನಿಂಗೆ ಕೂಡ್ತು ಅನ್ನಿಸ್ತು. ಅದೇ ಮಾಮ್ಲಾ. ಆ ಮಗ್ಗದ ಶೆಡ್ಡು ಎಷ್ಟು ಜನರ ಕಿವಿ ತಿಂದೈತೆ, ನಂಗೊತ್ತಿಲ್ವೇನು? ನಿಮ್ಮ ಅಪ್ಪನ್ನೇ ನೋಡು.' ಅವರು ಜೇಬಿನ ಗಡಿಯಾರ ತೆಗೆದು ನನ್ನ ಕಿವಿಯ ಹತ್ತಿರ ಹಿಡಿದರು. ಬಲಗಿವಿಗೆ ಟಿಕ್ ಟಿಕ್ ಕೇಳಿತು. ಎಡಗಿವಿಗೂ ಕೇಳಿತು, ಆದರೆ ಸ್ವಲ್ಪ ಕಮ್ಮಿ ಅನ್ನಿಸಿತು. ಅನ್ನಿಸಿತೋ ಹೆದರಿಕೆಗೆ ಹಾಗಾಯಿತೋ, ದೇವರೇ ಬಲ್ಲ. 'ಹದಿನೈದು ದಿನಕ್ಕೆ ಇಲ್ಲೇ ಇನ್ನೊಂದು ಶಾದಿ ಐತೆ. ಅಷ್ಟರಾಗೆ ಸರಿಹೋದ್ರೆ ಬಾ. ಇಲ್ಲಾಂದ್ರೆ ಕ್ಲಾರಿನೆಟ್ಟಿನವರನ್ನ ಕರೀತೀನಿ' ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಆ ಹದಿನೈದು ದಿನ ನಾನು ಮನುಷ್ಯನಾಗಿರಲಿಲ್ಲ. ಸಾಹೇಬರ ಬಳಿ ಎತ್ತಿಟ್ಟಿದ್ದ ಹೊಸ ತಂತಿಗಳನ್ನು ಬೇಡಿ ತಂದು, ಒಂದನ್ನು ಬಿಚ್ಚಿ ಒಂದನ್ನು ಬಿಗಿಯುತ್ತ ಹಾಕಿದೆ. ಆಗಲೂ ಅದೇ ಪಾಡು. ಬೆರಳು ಜೋರಾಗಿ ಒತ್ತಿದರೆ ಸ್ವರ ಏರುತ್ತದೆ ಎಂದು ಗಿಟಾರು ಮಾರಿದ ಹುಬ್ಬಳ್ಳಿಯವರು ಹೇಳಿದ್ದು ನೆನಪಾಗಿ, ಹೂವು ಮುಟ್ಟಿದ ಹಾಗೆ ಒತ್ತಿದೆ. ಅಂಗಡಿಗೆ ಹೋಗಿ ವಯರು ಬದಲಿಸಿದೆ, ಮೈಕ್ ಸೆಟ್ ಬದಲಿಸಿದೆ. ಖಾಲಿ ತಂತಿ ಮೀಟಿದರೆ ಹಾಲಿನಂತೆ ಕೂಡುತ್ತಿತ್ತು. ಐದನೆಯ ಮೆಟ್ಟಿನ ಮೇಲೆ ಹೋದರೆ ಒಂದು ಅನುಮಾನ, ಹತ್ತಕ್ಕೆ ಹೋದರೆ ಹುಳಿ. ಆ ಹುಳಿ ಗಿಟಾರಿನಲ್ಲಿದೆಯೋ ನನ್ನ ಕಿವಿಯೊಳಗೆ ಹುಟ್ಟುತ್ತಿದೆಯೋ ಹೇಗೆ ತಿಳಿಯಬೇಕು? ಕಿವಿ ಸರಿಯಿದೆಯೇ ಎಂದು ಕೇಳಿ ನೋಡಲು ನನಗಿದ್ದದ್ದೂ ಅದೇ ಕಿವಿ. ಮಿಲ್ಲಿನಲ್ಲಿ ಲಾಳಿ ಬಡಿಯುವಾಗೆಲ್ಲ ಒಂದೊಂದು ಸ್ವರ ಉದುರಿಹೋಗುತ್ತಿದೆ ಅನ್ನಿಸುತ್ತಿತ್ತು.

ಒಂದು ದಿನ ಉಣ್ಣಲು ಕೂತಾಗ ಅವ್ವ 'ಯಾಕ ಮುಖ ಹಂಗ ಮಾಡ್ಕೊಂಡಿ?' ಎಂದು ಕೇಳಿದ್ದೇ ತಪ್ಪಾಯಿತು.

'ಕಿವಿ ಹೋತು ಅಂತ ಮುಖ ಮಾಡ್ಕೊಂಡೇನಿ! ಈ ಮನುಷ್ಯಾ ನನ್ನ ಆ ಮಗ್ಗಕ್ಕ ಕಟ್ಟಿದ. ಇನ್ನ ನಾಕು ವರ್ಷಕ್ಕ ನಾನೂ ಇವನಂಗ ಗ್ವಾಡಿ ನೋಡ್ಕೊಂತ ಕೂಡ್ತೀನಿ, ಹೋಗು!'

ಅವ್ವ ಬೆಚ್ಚಿಬಿದ್ದು ಅಪ್ಪನ ಕಡೆ ನೋಡಿದಳು. ಅಪ್ಪ ನನ್ನ ಎದುರಿಗೇ ಕೂತಿದ್ದ. ಅವನ ಕಣ್ಣು ನನ್ನ ತುಟಿಯ ಮೇಲಿತ್ತು. ಕೈಯಲ್ಲಿದ್ದ ರೊಟ್ಟಿಯ ಚೂರನ್ನು ತಾಟಿನಲ್ಲಿಟ್ಟು, ಕೈ ತೊಳೆದು ಹೊರಗೆ ಹೋದ. ನನ್ನ ಬಾಯಿಗೆ ಮಣ್ಣು ಬೀಳಲಿ ಎಂದು ಎಷ್ಟು ಸಲ ಅಂದುಕೊಂಡೆನೋ. ಎದ್ದು ಹೋಗಿ ಕ್ಷಮೆ ಕೇಳಲು ಮಾತ್ರ ನನ್ನ ಹಾಳು ಬಿಂಕ ಬಿಡಲಿಲ್ಲ.

ಎರಡು ದಿನ ಅಪ್ಪ ಹೊರಗೆ ಜಗುಲಿಯ ಮೇಲೇ ಉಂಡ. ಮೂರನೆಯ ದಿನ ವಾರದ ರಜೆ. ಮಧ್ಯಾಹ್ನ ಗೂಟದಿಂದ ಗಿಟಾರನ್ನು ತಾನೇ ಇಳಿಸಿ ತಂದು ನನ್ನ ಮುಂದಿಟ್ಟು ಕೂತ.

'ಬಾರ್ಸು. ಎಲ್ಲಿ ಕೆಡತೈತೆ ಅಲ್ಲೇ ಬಾರ್ಸು.'

'ನಿಂಗ ಏನು ಕೇಳಿಸ್ತೈತಪ್ಪಾ?' ಎಂದೆ. ಈ ಸಲ ಮೆತ್ತಗೆ.

'ಮಗ್ಗ ಕೆಟ್ಟದ್ದು ನಾ ಯಾವಾಗ ಕಿವೀಲಿ ಕೇಳಿದ್ದೆ? ಹತ್ತು ವರ್ಷ ಅಂಗೈಲೇ ಕೇಳೇನಿ. ಬಾರ್ಸು ಅಂದ್ನಲ್ಲ.'

ಅದು ನಿಜ. ಚೌಕಟ್ಟಿನ ಮೇಲೆ ಕೈಯಿಟ್ಟು, ಯಾವ ತಿರುಪು ಸಡಿಲವಾಗಿದೆ ಎಂದು ಹೇಳುತ್ತಿದ್ದ ಆಸಾಮಿ ಅವನು. ಗಿಟಾರಿನ ಹೊಟ್ಟೆಯ ಮೇಲೆ ಅಂಗೈ ಹರಡಿ ಕಣ್ಣು ಮುಚ್ಚಿದ. ಒಂದೇ ಸ್ವರ ಕೊಡುವ ಎರಡು ತಂತಿಗಳನ್ನು ಒಟ್ಟಿಗೆ ಮೀಟಿದರೆ, ಕೂಡಿದ್ದಾಗ ಸದ್ದು ಸಮನಾಗಿ ಹರಿಯುತ್ತದೆ; ಕೂಡದಿದ್ದರೆ ಉಯ್ಯಾಲೆಯ ಹಾಗೆ ಹೋಗಿ ಬರುತ್ತದೆ. ಮೊದಲು ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿ, ಅದರ ಪಕ್ಕದ ಖಾಲಿ ತಂತಿಯ ಜೊತೆ ಮೀಟಿದೆ.

'ಇದು ಸುಮಾರಾಗೈತೆ' ಎಂದ.

ಆಮೇಲೆ ಅದೇ ದಪ್ಪ ತಂತಿಯನ್ನು ಹತ್ತನೆಯ ಮೆಟ್ಟಿನಲ್ಲಿ ಒತ್ತಿ, ನಡುವೆ ಒಂದು ತಂತಿ ಬಿಟ್ಟು ಅದರಾಚೆಯ ಖಾಲಿ ತಂತಿಯ ಜೊತೆ ಮೀಟಿದೆ. ಎರಡೂ ಒಂದೇ ಸ್ವರ ಆಗಬೇಕು. ಅಪ್ಪ ಕಣ್ಣು ತೆರೆದ.

'ಇದು ಕುಂಟತೈತೆ. ಬರ್ತೈತೆ, ಹೋಕ್ಕತಿ, ಬರ್ತೈತೆ, ಹೋಕ್ಕತಿ.' ಬೆರಳೆತ್ತಿ ಗಾಳಿಯಲ್ಲಿ ತಾಳ ಹಾಕಿ ತೋರಿಸಿದ. ನನ್ನ ಕಿವಿಗೆ ಕೇಳುತ್ತಿದ್ದ ಉಯ್ಯಾಲೆಯೂ ಅದೇ ಲೆಕ್ಕದಲ್ಲಿ ಆಡುತ್ತಿತ್ತು. ಒಂದು ಚೂರೂ ಹೆಚ್ಚುಕಮ್ಮಿಯಿಲ್ಲ.

ಕಿವಿಯೇ ಇಲ್ಲದ ಮನುಷ್ಯನ ಅಂಗೈಗೆ ತಿಳಿದದ್ದು ನನ್ನ ಕಿವಿಗೂ ತಿಳಿಯುತ್ತಿದೆ ಅಂದರೆ, ಹುಳಿ ಗಿಟಾರಿನಲ್ಲೇ ಇದೆ! ಮತ್ತೊಮ್ಮೆ ಮೀಟಿದೆ. ಬೇರೆ ಜೋಡಿ ತಂತಿ ಮೀಟಿದೆ. ಮೇಲಕ್ಕೆ ಹೋದಷ್ಟೂ ಕುಂಟು ಹೆಚ್ಚು.

'ಯಾಕ ಹಂಗ ಆಕ್ಕತಿ?' ಅಪ್ಪ ಕೇಳಿದ. 'ಇದರ ಲೆಕ್ಕ ಏನು? ಮೆಟ್ಟು ಹೆಂಗ ಹಾಕ್ಯಾರ?'

ಹನ್ನೆರಡನೆಯ ಮೆಟ್ಟಿಗೆ ತಂತಿ ಅರ್ಧ ಆಗಬೇಕು, ಅರ್ಧಕ್ಕೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಬರುತ್ತದೆ ಎಂದು ನನಗೆ ಗೊತ್ತಿದ್ದಷ್ಟನ್ನು ತುಟಿಯಾಡಿಸಿ ಹೇಳಿದೆ. ಅಪ್ಪ ಎದ್ದು ಹೋಗಿ ಗೂಡಿನಿಂದ ಒಂದೆಳೆ ನೂಲು ತಂದ. ಅಳತೆ ಅಂದರೆ ಅವನಿಗೆ ನೂಲೇ. ಒಂದು ತುದಿಯನ್ನು ಗಿಟಾರಿನ ತಲೆಯ ಹತ್ತಿರ, ತಂತಿ ಹೊರಡುವ ಜಾಗದಲ್ಲಿ ನಾನು ಹಿಡಿದೆ. ಹನ್ನೆರಡನೆಯ ಮೆಟ್ಟಿನವರೆಗೆ ಎಳೆದು ಉಗುರಿನಿಂದ ಗುರುತು ಮಾಡಿದ. ಮತ್ತೆ ಅಷ್ಟೇ ಉದ್ದ ಮುಂದಕ್ಕೆ ಹಿಡಿದ. ನೂಲಿನ ತುದಿ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಹತ್ತಿರ ಬಂದು ಅಲ್ಲಿ ನಿಲ್ಲಲಿಲ್ಲ. ಅದನ್ನು ದಾಟಿ ಅರ್ಧ ಬೆರಳು ಆಚೆಗೆ, ವಿಭೂತಿಯ ಮೇಲೆ ಹೋಗಿ ಬಿತ್ತು.

ಅಪ್ಪ ಆ ವಿಭೂತಿಯನ್ನೇ ನೋಡುತ್ತ ಕೂತ. ಆಮೇಲೆ ಧೋತರದ ಚುಂಗನ್ನು ನೀರಲ್ಲಿ ಅದ್ದಿ, ತಾನು ಎಳೆದ ಮೂರು ಬೆರಳಿನ ಪಟ್ಟೆಯನ್ನು ತಾನೇ ಒರೆಸಿದ. ಅವ್ವ ಒಳಗಿನಿಂದ 'ಅಯ್ಯೋ ಶಿವನೇ, ಏನ್ ಮಾಡ್ತಾರಿವ್ರು!' ಎಂದಳು. ಒರೆಸಿದ ಜಾಗದಲ್ಲಿ ಎರಡು ಕಲೆಗಳು ಕಂಡವು. ಕುದುರೆಯ ಎರಡು ಪಾದಗಳ ಗುರುತು, ಬಿಸಿಲು ಕಾಣದ ಹೊಸ ವಾರ್ನಿಶ್ಶು. ದಪ್ಪ ತಂತಿಯ ಕಡೆಯ ಪಾದ ಒಂದಿಷ್ಟು ಹಿಂದೆ, ಸಣ್ಣ ತಂತಿಯ ಕಡೆಯದು ಮುಂದೆ. ವರ್ಷಗಟ್ಟಲೆ ಕುದುರೆ ಅಲ್ಲೇ, ಹಾಗೇ ಸೊಟ್ಟಗೆ ನಿಂತಿತ್ತು.

ಕುದುರೆಯನ್ನು ಅಂಟಿಸಿದ್ದಾರೆ ಎಂದೇ ನಾನು ನಂಬಿದ್ದೆ. ಅದು ತಂತಿಗಳ ಬಿಗಿತಕ್ಕೆ ಸುಮ್ಮನೆ ನಿಂತಿರುವ ತುಂಡು! ಅಪ್ಪ ತಂತಿ ಬಿಚ್ಚಿದಾಗ ಅದು ಕೈಗೆ ಬಂದಿದೆ. ಅದನ್ನು ಏರಿಸಿ ಇಳಿಸುವ ಹಿತ್ತಾಳೆಯ ಚಕ್ರಗಳನ್ನು ಉಜ್ಜಿದ್ದಾನೆ. ತಿರುಗಿ ಇಡುವಾಗ ಎರಡು ಸೀಳುಗಳ ನಟ್ಟನಡುವೆ, ತೂಗುಗುಂಡು ಇಳಿಬಿಟ್ಟಂತೆ ನೇರವಾಗಿ ನಿಲ್ಲಿಸಿದ್ದಾನೆ. ನೇಯ್ಗೆಯಲ್ಲಿ ಒಂದೆಳೆ ಸೊಟ್ಟ ಹೋದರೆ ನಿದ್ದೆ ಮಾಡದವನು ಅದನ್ನು ಸೊಟ್ಟ ಇಡುತ್ತಾನೆಯೇ?

'ಆ ಕಲೆ ಎಷ್ಟು ತಿಕ್ಕಿದ್ರೂ ಹೋಗಲಿಲ್ಲ ತಮ್ಮಾ' ಎಂದ. ಅಷ್ಟು ದಿನದಲ್ಲಿ ಮೊದಲ ಸಲ ಅವನ ದನಿ ಸಣ್ಣಗಾಗಿತ್ತು. 'ಪೂಜಿಗೆ ಕೊಳಕು ಕಾಣಬಾರ್ದು ಅಂತ ಅದರ ಮ್ಯಾಲೆ ವಿಭೂತಿ ಎಳೆದೆ. ನಾನ ಕೆಡಿಸಿದ್ದು. ನಿನ್ನ ಕಿವಿ ಚಲೋ ಐತೆ.'

ನಾನು ನಕ್ಕೆ. ಜೋರಾಗಿ ನಕ್ಕೆ. ನಗುತ್ತ ನಗುತ್ತ ಅತ್ತುಬಿಟ್ಟೆ, ಇಪ್ಪತ್ತನಾಲ್ಕು ವರ್ಷದ ಗಂಡಸು. ಅಪ್ಪನ ಮೊಣಕಾಲು ಹಿಡಿದು 'ಆವತ್ತು ಬಾಯಿ ತಪ್ಪಿ ಅಂದೆ' ಎಂದೆ. ತಲೆ ಬಗ್ಗಿಸಿದ್ದರಿಂದ ಅವನಿಗೆ ನನ್ನ ತುಟಿ ಕಾಣಲಿಲ್ಲ. ಮುಖ ಎತ್ತಿ ಮತ್ತೊಮ್ಮೆ ಹೇಳಬೇಕಾಯಿತು. ಒಮ್ಮೆ ಹೇಳುವುದಕ್ಕಿಂತ ಅದು ಎಷ್ಟೋ ಕಷ್ಟ. 'ಏ, ಬಿಡು ಬಿಡು' ಎಂದು ಕೈ ಕೊಡವಿದ.

ತಂತಿ ಸಡಿಲಿಸಿ ಕುದುರೆಯನ್ನು ಹಳೆಯ ಕಲೆಯ ಮೇಲೆ ಸರಿಸಿದೆವು. ಬಿಗಿದು ಮೀಟಿದೆ, ಅಪ್ಪ ಕೈಯಿಟ್ಟ. 'ಇನ್ನೂ ಚೂರು ಐತೆ.' ಕೂದಲೆಳೆಯಷ್ಟು ಹಿಂದಕ್ಕೆ ತಟ್ಟಿದೆ. 'ಹಾಂ. ಕುಂಟೋದು ನಿಂತಿತು.' ಹತ್ತನೆಯ ಮೆಟ್ಟು, ಹನ್ನೆರಡು, ಅದರ ಮೇಲಿನವು, ಎಲ್ಲ ಒಂದೊಂದಾಗಿ ಕೂಡಿ ಬಂದವು. ಸಂಜೆ ಗಿಟಾರನ್ನು ಹೆಗಲಿಗೇರಿಸಿಕೊಂಡು ಸಾಹೇಬರ ಅಂಗಡಿಗೆ ಓಡಿದೆ. ಅವರು ಹಾರ್ಮೋನಿಯಮ್ಮಿನ ಒಂದೊಂದೇ ಮನೆ ಒತ್ತಿ, ಒಂದೊಂದಕ್ಕೂ ನನ್ನಿಂದ ಉತ್ತರ ಕೇಳಿ, ಕೊನೆಗೆ 'ಅರೆ ವ್ಹಾ! ಕಿವಿ ವಾಪಸ್ ಬಂತೇನೋ?' ಎಂದರು. ಎಲ್ಲಿಗೂ ಹೋಗಿರಲಿಲ್ಲ ಎಂದು ಆದದ್ದನ್ನೆಲ್ಲ ಹೇಳಿದೆ. ಅವರು ಗಿಟಾರಿನ ಹೊಟ್ಟೆ ನೋಡಿ, 'ನಂಗೂ ಆ ಬೂದಿ ಕಂಡಿತ್ತು. ಪೂಜೇದು, ಹೆಂಗೆ ಮುಟ್ಲಿ ಅಂತ ಸುಮ್ನಾದೆ' ಎಂದು ತಲೆ ಚಚ್ಚಿಕೊಂಡರು.

ಹರಿಹರದ ಎರಡನೆಯ ಮದುವೆಯಲ್ಲಿ ನನ್ನ ವಯರನ್ನು ಯಾರೂ ಕೀಳಲಿಲ್ಲ. ಅಷ್ಟು ಹೇಳಿದರೆ ಸಾಕು. ಸಾಹೇಬರು ಬರುವಾಗ ನಮ್ಮಪ್ಪನಿಗೆಂದು ಲಾಡು ಕಟ್ಟಿಸಿಕೊಂಡು ತಂದರು.

ಮರುದಿನ ಬೆಳಿಗ್ಗೆ ಪಾಳಿಗೆ ಹೊರಟರೆ ಅಪ್ಪ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. 'ನಾನೂ ಬರ್ತೀನಿ, ಗೇಟಿನ ತನಕ' ಎಂದ. ಯಾಕೆ ಎಂದು ನಾನು ಕೇಳುವ ಮೊದಲೇ ಮುಂದೆ ಹೆಜ್ಜೆ ಹಾಕಿದ. ಮಿಲ್ಲಿನ ಗೇಟಿನ ಮುಂದೆ ಪಾಳಿಯವರೆಲ್ಲ ಗುಂಪುಗೂಡಿದ್ದರು. ಅಪ್ಪ ನನ್ನ ತೋಳು ಹಿಡಿದು ನಿಲ್ಲಿಸಿ, ಜೇಬಿನಿಂದ ಒಂದು ಹಿಡಿ ಹತ್ತಿ ತೆಗೆದ. ಎರಡು ಬೆರಳ ನಡುವೆ ಹೊಸೆದು ಎರಡು ಉಂಡೆ ಮಾಡಿದ.

ಅವನೇನು ಮಾಡಲಿದ್ದಾನೆಂದು ನನಗೆ ತಿಳಿಯುವ ಮೊದಲೇ ಗುಂಪಿಗೆ ತಿಳಿಯಿತು. ಅಪ್ಪನ ಜೊತೆ ಇಪ್ಪತ್ತು ವರ್ಷ ಮಗ್ಗ ನಡೆಸಿದವನೊಬ್ಬ ಮುಂದೆ ಬಂದು, 'ಏನ್ರೀ ಇದು, ಬೆಳಬೆಳಿಗ್ಗೆ! ಹೆಣಕ್ಕ ಇಡೋದನ್ನ ಮಗನಿಗೆ ಇಡ್ತೀರಾ?' ಎಂದ. ಸುತ್ತ ನಿಂತವರು ನಕ್ಕರು. ನನ್ನ ಕಿವಿ ಕೆಂಪಾಯಿತು.

ಅಪ್ಪ ಅವನ ತುಟಿ ಓದಿದ. 'ಹೌದಪ್ಪಾ, ಹೆಣಕ್ಕ ಇಡೋದು' ಎಂದ, ಗೇಟಿನ ಒಳಗಿನವರಿಗೂ ಕೇಳುವ ಹಾಗೆ. 'ಆ ಮಾತಿಗೆ ಹೆದರೇ ನಾ ಇಟ್ಕೊಳ್ಳಲಿಲ್ಲ. ಈಗ ಹೆಂಡತಿ ಅತ್ರೂ ಕೇಳಿಸಲ್ಲ, ಮಗ ಬಾರಿಸಿದ್ರೂ ಕೇಳಿಸಲ್ಲ. ಇವನಿಗೆ ಕೇಳಿಸ್ಲಿ.'

ನಗು ನಿಂತಿತು. ಅಪ್ಪ ನನ್ನ ಗಲ್ಲ ಹಿಡಿದು ಮುಖ ತಿರುಗಿಸಿ ಮೊದಲು ಬಲಗಿವಿಗೆ ಹತ್ತಿ ತುಂಬಿದ, ಆಮೇಲೆ ಎಡಕ್ಕೆ. ಸದ್ದೆಲ್ಲ ದೂರವಾಯಿತು. ಅವನು ನನ್ನ ಮುಂದೆ ನಿಂತು, ದನಿಯಿಲ್ಲದೆ ಬರೀ ತುಟಿಯಾಡಿಸಿ, 'ಸಾಯಂಕಾಲ ತೆಗಿ. ಬಂದು ಬಾರ್ಸು, ನಾ ಕೈ ಇಡ್ತೀನಿ' ಎಂದ. ನಾನು ಓದಿಕೊಂಡು ತಲೆಯಾಡಿಸಿದೆ. ಮಗ್ಗ ನಡೆಸಿದ ಮುಂದಿನ ಹದಿನೆಂಟು ವರ್ಷವೂ ನಾನು ಹತ್ತಿ ಇಟ್ಟುಕೊಂಡೇ ಒಳಗೆ ಹೋದೆ. ಅಪ್ಪ ಇರುವವರೆಗೆ, ಪ್ರತಿ ಬೆಳಿಗ್ಗೆ ಅದನ್ನು ಹೊಸೆದು ಕೊಡುತ್ತಿದ್ದವನು ಅವನೇ.